ಆಫ್‌ರೋಡ್‌ಗೆ ಮಾರ್ಪಡಿಸಿದ ಆಟೋಮ್ಯಾಟಿಕ್ ಗಾಡಿ ಜಾರುತ್ತಿದೆಯೇ, ಅತಿ ಬಿಸಿಯಾಗುತ್ತಿದೆಯೇ? ದೋಷ ಹುಡುಕುವ ಕ್ರಮ

ಗೇರ್ ಆಯಿಲ್ ತಣಿಸುವ ಕೂಲರ್ ಕೂರಿಸಿ, ದೊಡ್ಡ ಟಯರ್ ಏರಿಸಿ, ಅಡಿಗೆ ಕಲ್ಲೇಟು ತಡೆಯುವ ಸ್ಕಿಡ್ ಪ್ಲೇಟ್ ಬಿಗಿಸಿದ ಕೆಲವೇ ವಾರಗಳಲ್ಲಿ ಗಾಡಿ ಜಾರತೊಡಗಿದರೆ, ಅಂದರೆ ಎಂಜಿನ್ ಕೂಗಿದರೂ ಗೇರ್ ಹಿಡಿಯದಿದ್ದರೆ, ‘ಗೇರ್‌ಬಾಕ್ಸ್ ಹೋತು’ ಎಂಬ ಮಾತು ಗ್ಯಾರೇಜಿನಲ್ಲಿ ತಟ್ಟನೆ ಬರುತ್ತದೆ. ಬಹಳ ಸಲ ಬಾಕ್ಸ್ ಒಳಗೆ ಏನೂ ಆಗಿರುವುದಿಲ್ಲ. ಮಡಿಚಿಕೊಂಡ ಕೂಲರ್ ಹೋಸ್, ಕೆಸರು ಕಟ್ಟಿದ ಬ್ರೀದರ್ (ಬಾಕ್ಸ್ ಉಸಿರಾಡುವ ಗಾಳಿ ಕೊಳವೆ), ಅಳತೆ ತಪ್ಪಿದ ಆಯಿಲ್, ಸಡಿಲ ಅರ್ಥಿಂಗ್ ಇವುಗಳಲ್ಲಿ ಒಂದು ಸಿಗುತ್ತದೆ. ಹಾಗಾಗಿ ಇಲ್ಲಿನ ಕ್ರಮ ಇಷ್ಟು: ಕೊನೆಗೆ ಹಾಕಿಸಿದ್ದನ್ನು ಮೊದಲು ನೋಡಿ, ಬಾಕ್ಸ್ ಇಳಿಸುವ ಮಾತು ಕಟ್ಟಕಡೆಗೆ ಇರಲಿ.

ಇದು ಟಾರ್ಕ್ ಕನ್ವರ್ಟರ್ (ಎಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಭಾಗ) ಇರುವ ಗಾಡಿಗಳಿಗೆ, ಅಂದರೆ ನಾಲ್ಕು ಗೇರಿನ ಜಿಮ್ನಿ, ಆರು ಗೇರಿನ ಥಾರ್ ಮುಂತಾದವುಗಳಿಗೆ. ಎಎಂಟಿ, ಸಿವಿಟಿ ಎಂಬ ಬೇರೆ ಬಗೆಯ ಆಟೋಮ್ಯಾಟಿಕ್ ಗಾಡಿಗಳ ಲೆಕ್ಕವೇ ಬೇರೆ.

ಗಾಡಿ ಎಲ್ಲಿ ಓಡುತ್ತದೆ ಎಂಬುದೂ ಒಂದು ಸುಳಿವು. ಖಾನಾಪುರ, ಜಾಂಬೋಟಿ, ಕಣಕುಂಬಿ ಕಡೆ ಮಳೆಗಾಲದಲ್ಲಿ ಹಳ್ಳ ದಾಟುವ ಗಾಡಿಗೆ ನೀರು ಹೊಗುವ ರೋಗ ಹೆಚ್ಚು. ವಿಜಯಪುರದ ಡೋಣಿ ತೀರದ ಎರಿ (ಕಪ್ಪು) ಮಣ್ಣಿನಲ್ಲಿ ಹಾಗೂ 40 ಡಿಗ್ರಿ ದಾಟುವ ಬೇಸಿಗೆಯಲ್ಲಿ ಕಾಡುವುದು ಬಿಸಿ. ಬಾದಾಮಿ, ಇಳಕಲ್ ಸುತ್ತಿನ ಕಲ್ಲಿನಲ್ಲಿ ಆಯಿಲ್ ಪ್ಯಾನ್‌ಗೂ ಹೋಸ್‌ಗೂ ಏಟು ಬೀಳುತ್ತದೆ.

ಕೈ ಹಾಕುವ ಮುನ್ನ

ಎರಿ ಹೊಲದಲ್ಲಿ ಜ್ಯಾಕ್ ಎತ್ತಿದಷ್ಟೂ ಕೆಳಗೆ ಇಳಿಯುತ್ತದೆ. ಅದರ ಅಡಿಗೆ ಎರಡು ಇಂಚು ದಪ್ಪದ ಅಗಲ ಹಲಗೆ ಇಡಿ. ಬರೀ ಜ್ಯಾಕ್ ಮೇಲೆ ನಿಂತ ಗಾಡಿಯ ಕೆಳಗೆ ಹೋಗಲೇಬೇಡಿ. ಸ್ಟ್ಯಾಂಡ್ ಇಲ್ಲದಿದ್ದರೆ ಕೆಲಸ ನಾಳೆಗೆ ಇರಲಿ. ಗೇರ್ ‘ಪಿ’ಯಲ್ಲಿದೆ ಎಂಬ ಧೈರ್ಯವೂ ಸಾಲದು. 2ಎಚ್‌ನಲ್ಲಿ (ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಶಕ್ತಿ) ಹಿಂದಿನ ಒಂದು ಚಕ್ರ ನೆಲ ಬಿಟ್ಟರೆ ಡಿಫರೆನ್ಷಿಯಲ್ ಮೂಲಕ ಆ ಚಕ್ರ ತಿರುಗಬಲ್ಲದು, ಗಾಡಿ ಉರುಳಬಲ್ಲದು. ಹ್ಯಾಂಡ್ ಬ್ರೇಕ್ ಎಳೆದು, ನೆಲದಲ್ಲಿರುವ ಚಕ್ರಗಳಿಗೆ ಮುಂದೆ ಹಿಂದೆ ಎರಡೂ ಕಡೆ ಅಡ್ಡಗಲ್ಲು ಕೊಡಿ.

ಓಡಿಸಿ ಬಂದ ಗಾಡಿಯ ಗೇರ್ ಆಯಿಲ್ 80ರಿಂದ 100 ಡಿಗ್ರಿ ಇರುತ್ತದೆ. ಹೋಸ್ ಬಿಚ್ಚುವಾಗ ಕೈಗವಸು, ಕನ್ನಡಕ ಹಾಕಿಕೊಳ್ಳಿ. ಮಕ್ಕಳನ್ನು ದೂರ ಕಳಿಸಿ.

ಬೇಕಾದ ಸಾಮಾನು ಕಡಿಮೆ: ಟಾರ್ಚ್, ಬಿಳಿ ಟಿಶ್ಯೂ ಕಾಗದ, ಲೀಟರ್ ಗೆರೆ ಇರುವ ಪಾರದರ್ಶಕ ಕ್ಯಾನ್, ವೋಲ್ಟ್ ಮೀಟರ್, ಗಾಡಿಯ ಕಂಪ್ಯೂಟರ್‌ನಿಂದ ದೋಷದ ಕೋಡ್ ಓದುವ ಒಂದು ಒಬಿಡಿ ಸ್ಕ್ಯಾನರ್.

ಬಿಸಿ ಏರುತ್ತದೆ, ಸುಟ್ಟ ವಾಸನೆ ಬರುತ್ತದೆ

ಎಲ್ಲ ದೋಷಗಳಲ್ಲಿ ಇದೇ ಹಿರಿಯದು, ಉಳಿದ ಅರ್ಧ ದೋಷಗಳ ತಾಯಿಯೂ ಇದೇ. ಕನ್ವರ್ಟರ್ ಒಳಗೆ ಎಂಜಿನ್ ಕಡೆಯ ಚಕ್ರಕ್ಕೂ ಗೇರ್ ಕಡೆಯ ಚಕ್ರಕ್ಕೂ ನಡುವೆ ಇರುವ ವೇಗದ ಅಂತರ ಆಯಿಲ್‌ನಲ್ಲಿ ಶಾಖವಾಗಿ ಮಾರ್ಪಡುತ್ತದೆ. ಹೆದ್ದಾರಿಯಲ್ಲಿ ಲಾಕಪ್ ಕ್ಲಚ್ ಎರಡನ್ನೂ ಬೆಸೆಯುವುದರಿಂದ ಶಾಖ ಕಡಿಮೆ. ಕೆಸರಿನಲ್ಲಿ ಗಂಟೆಗೆ 8 ಕಿ.ಮೀ. ವೇಗದಲ್ಲಿ ಎಂಜಿನ್ ಒತ್ತಿ ಹಿಡಿದಾಗ ಲಾಕಪ್ ಬೀಳುವುದೇ ಇಲ್ಲ, ಎದುರಿನಿಂದ ಗಾಳಿಯೂ ಇಲ್ಲ.

ಆಯಿಲ್ 75ರಿಂದ 95 ಡಿಗ್ರಿ ಇದ್ದರೆ ಸಹಜ. 110 ದಾಟಿದರೆ ಕಾಲು ಸಡಿಲಿಸಿ. 120ರಲ್ಲಿ ನಿಲ್ಲಿಸಿ. ಅದಕ್ಕೂ ಮೇಲೇರಿದರೆ ಆಯಿಲ್ ವಾರ್ನಿಶ್‌ನಂತೆ ಅಂಟಾಗುತ್ತದೆ, ರಬ್ಬರ್ ಸೀಲುಗಳು ಗಡುಸಾಗುತ್ತವೆ. 150 ಮುಟ್ಟಿದರೆ ಕ್ಲಚ್ ಪ್ಲೇಟ್ ಉಳಿಯುವ ಭರವಸೆ ಇಲ್ಲ. ಸ್ಥೂಲವಾಗಿ, ಪ್ರತಿ 10 ಡಿಗ್ರಿ ಏರಿಕೆಗೆ ಆಯಿಲ್ ಆಯುಷ್ಯ ಅರ್ಧಕ್ಕೆ ಇಳಿಯುತ್ತದೆ. ಆದ್ದರಿಂದ ಲಿಫ್ಟ್ ಕಿಟ್‌ಗೂ ಲೈಟ್ ಬಾರ್‌ಗೂ ಮೊದಲು ಒಂದು ಆಯಿಲ್ ಟೆಂಪರೇಚರ್ ಮೀಟರ್ ಹಾಕಿಸುವುದೇ ಸರಿಯಾದ ಖರ್ಚು. ಅದರ ಸೆನ್ಸರ್ ಬಾಕ್ಸ್‌ನಿಂದ ಕೂಲರ್‌ಗೆ ಹೋಗುವ ಹೋಸ್‌ನಲ್ಲಿರಲಿ. ಮರಳಿ ಬರುವ ಹೋಸ್‌ನಲ್ಲಿಟ್ಟರೆ ತಣಿದ ಆಯಿಲ್ ತೋರಿಸಿ ಮೋಸ ಮಾಡುತ್ತದೆ.

ಮೊದಲ ಪರೀಕ್ಷೆಗೆ ದುಡ್ಡು ಬೇಡ. ಕೆಸರಿನಲ್ಲಿ, ಮರಳಿನಲ್ಲಿ 4ಎಚ್‌ನಲ್ಲೇ (ನಾಲ್ಕೂ ಚಕ್ರಕ್ಕೆ ಶಕ್ತಿ, ಹೈ ರೇಂಜ್) ಒದ್ದಾಡುತ್ತಿದ್ದೀರಾ? 4ಎಲ್‌ಗೆ (ಲೋ ರೇಂಜ್) ಹಾಕಿ. ಜಿಮ್ನಿಯ ಟ್ರಾನ್ಸ್‌ಫರ್ (ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಗೇರ್) ಅನುಪಾತ ಹೈನಲ್ಲಿ 1.000, ಲೋನಲ್ಲಿ 2.002, ಚಕ್ರಕ್ಕೆ ಬೇಕಾದ ಅದೇ ಎಳೆತಕ್ಕೆ ಕನ್ವರ್ಟರ್ ಮೇಲಿನ ಹೊರೆ ಅರ್ಧವಾಗುತ್ತದೆ. ಹತ್ತು ನಿಮಿಷದಲ್ಲಿ ಮೀಟರ್ ಇಳಿದರೆ ದೋಷ ಇದ್ದದ್ದು ರೇಂಜ್ ಆಯ್ಕೆಯಲ್ಲಿ. ಚೋರ್ಲಾ ಘಾಟ್ ಏರುವಾಗ ಬಾಕ್ಸ್ ಎರಡು ಮೂರರ ನಡುವೆ ಮೇಲೆ ಕೆಳಗೆ ಆಡುತ್ತಿದ್ದರೆ ‘2’ರಲ್ಲಿ ಹಿಡಿದಿಡಿ.

ಕಾದ ಗಾಡಿಯನ್ನು ತಕ್ಷಣ ಆಫ್ ಮಾಡಬೇಡಿ. ಎಂಜಿನ್ ನಿಂತರೆ ಆಯಿಲ್ ಪಂಪೂ ನಿಲ್ಲುತ್ತದೆ, ಬಿಸಿ ಆಯಿಲ್ ಕನ್ವರ್ಟರ್‌ನಲ್ಲೇ ಕೂತು ಬೇಯುತ್ತದೆ. ‘ಪಿ’ ಅಥವಾ ‘ಎನ್’ನಲ್ಲಿ 1200–1500 ಆರ್‌ಪಿಎಂ ಹಿಡಿದು ಕೂಲರ್ ಮೂಲಕ ಹರಿಯಲು ಬಿಡಿ. ಆಯಿಲ್ ಸೋರುತ್ತಿದ್ದರೆ ಅಥವಾ ಎಂಜಿನ್ ನೀರೂ ಕುದಿಯುತ್ತಿದ್ದರೆ ಮಾತ್ರ ಕೂಡಲೇ ಆಫ್ ಮಾಡಿ.

ಎರಡನೆಯದು ಕೂಲರ್‌ನ ಮುಖ. ಎರಿ ಮಣ್ಣು ಒಣಗಿದರೆ ಇಟ್ಟಿಗೆಯಂತೆ ಗಟ್ಟಿ. ಕೂಲರ್‌ನ ಫಿನ್‌ಗಳ (ತೆಳು ಲೋಹದ ಎಲೆಗಳ) ನಡುವೆ ಸೇರಿದರೆ ಗಾಳಿ ದಾಟದು. ಮುಧೋಳ, ಜಮಖಂಡಿ ಕಡೆ ಕಬ್ಬಿನ ರವದಿಯೂ (ಒಣ ಎಲೆ) ಸೇರಿಕೊಳ್ಳುತ್ತದೆ. ಹಿಂಬದಿಯಿಂದ ಮುಂದಕ್ಕೆ, ಕಡಿಮೆ ಒತ್ತಡದ ನೀರಿನಲ್ಲಿ ನೆನೆಸಿ ತೊಳೆಯಿರಿ. ಪ್ರೆಶರ್ ವಾಷರ್ ಹತ್ತಿರ ಹಿಡಿದರೆ ಫಿನ್ ಮಡಿಚಿ ಕೂಲರ್ ಶಾಶ್ವತವಾಗಿ ಮುಚ್ಚಿಹೋಗುತ್ತದೆ. ಇದೇ ಹೊತ್ತಿಗೆ ಸ್ಕಿಡ್ ಪ್ಲೇಟ್ ಮೇಲೆಯೂ ಟಾರ್ಚ್ ಬಿಡಿ. ಪ್ಲೇಟ್ ಮತ್ತು ಪ್ಯಾನ್ ನಡುವೆ ಕೂತ ಒಣ ಮಣ್ಣು ಬಾಕ್ಸ್‌ಗೆ ಕಂಬಳಿ ಹೊದಿಸುತ್ತದೆ. ರವದಿ, ಜೋಳದ ಒಣ ದಂಟು ಸೈಲೆನ್ಸರ್ ಬಳಿ ಸೇರಿದ್ದರೆ ಅದು ಬೆಂಕಿಯ ಅಪಾಯ. ಹೊಲದಿಂದ ಹೊರಬಿದ್ದ ಪ್ರತಿ ಸಲವೂ ಕಿತ್ತು ಹಾಕಿ.

ಮೂರನೆಯದು ಕೂಲರ್ ಜೋಡಣೆ. ಹೆಚ್ಚುವರಿ ಕೂಲರ್ ಕಂಪನಿ ಕೂಲರ್ ಆದ ಮೇಲೆ, ಬಾಕ್ಸ್‌ಗೆ ಮರಳುವ ದಾರಿಯಲ್ಲಿರಬೇಕು. ಟ್ರಾನ್ಸ್‌ಮಿಶನ್ ಆಯಿಲ್‌ಗೆಂದೇ ಬರುವ ಹೋಸ್ ಹಾಕಿ. ರೇಡಿಯೇಟರ್ ನೀರಿನ ಹೋಸ್ ಒಳಗಿನಿಂದ ಉಬ್ಬಿ ಪದರ ಬಿಡುತ್ತದೆ, ಹೊರಗೆ ಚೆನ್ನಾಗಿಯೇ ಕಾಣುತ್ತದೆ. ತಿರುವಿನಲ್ಲಿ ಹೋಸ್ ಚಪ್ಪಟೆಯಾಗಿರಬಾರದು, ಎಕ್ಸಾಸ್ಟ್‌ನಿಂದ ಕನಿಷ್ಠ 75 ಮಿ.ಮೀ. ದೂರ ಇರಬೇಕು. ಫಿನ್‌ಗಳ ನಡುವೆ ತೂರಿಸುವ ಪ್ಲಾಸ್ಟಿಕ್ ಟೈ ಮೇಲೆ ನಿಂತ ಕೂಲರ್ ಉಬ್ಬು ತಗ್ಗಿನಲ್ಲಿ ಕುಣಿದು ಎಸಿ ಕಂಡೆನ್ಸರ್ ತೂತು ಮಾಡುತ್ತದೆ. ಲೋಹದ ಪಟ್ಟಿ, ರಬ್ಬರ್ ಬುಷ್ ಹಾಕಿ ಕೂರಿಸಿ. ಬೆಳಗಾವಿಯ ಉದ್ಯಮಬಾಗ್‌ನಲ್ಲಿ ಹೈಡ್ರಾಲಿಕ್ ಹೋಸ್ ಕ್ರಿಂಪ್ ಮಾಡುವ ಅಂಗಡಿಗಳಿವೆ. ಅಳತೆಗೆ ತಕ್ಕ ಹೋಸ್ ಮಾಡಿಸಿಕೊಂಡರೆ ಕ್ಲಿಪ್ ಸಡಿಲವಾಗುವ ತಲೆನೋವೇ ಇರದು.

ನಾಲ್ಕನೆಯದು ಹರಿವಿನ ಪರೀಕ್ಷೆ. ಮರಳುವ ಹೋಸ್ ಬಿಚ್ಚಿ ಕ್ಯಾನ್‌ಗೆ ಇಳಿಬಿಡಿ. ಒಬ್ಬರು ‘ಎನ್’ನಲ್ಲಿ ಸ್ಟಾರ್ಟ್ ಮಾಡಲಿ, ಇನ್ನೊಬ್ಬರು ಗಡಿಯಾರ ನೋಡಲಿ. ಸುಮಾರು 20–30 ಸೆಕೆಂಡಿಗೆ ಒಂದು ಲೀಟರ್ ಬರುವುದು ಸಾಮಾನ್ಯ. ಒಂದು ಲೀಟರ್ ಆದೊಡನೆ ಆಫ್ ಮಾಡಿ, ಇಲ್ಲದಿದ್ದರೆ ಪಂಪ್ ಒಣಗುತ್ತದೆ. ತೆಗೆದಷ್ಟೇ ಹೊಸ ಆಯಿಲ್ ತುಂಬಿ. ಹನಿ ಹನಿಯಾಗಿ ಬಂದರೆ ಹೆಚ್ಚುವರಿ ಕೂಲರನ್ನು ಬಿಟ್ಟು ಹೋಸ್ ನೇರವಾಗಿ ಜೋಡಿಸಿ ಮತ್ತೆ ನೋಡಿ. ಆಗ ಸರಿಯಾದರೆ ಕೂಲರ್ ಕಟ್ಟಿದೆ. ಆಗಲೂ ಬರದಿದ್ದರೆ ಕಂಪನಿ ಕೂಲರ್ ಅಥವಾ ಪಂಪ್ ಕಡೆ ತಿರುಗಿ. ಥರ್ಮೋಸ್ಟಾಟ್ ಇರುವ ಕೂಲರ್‌ನಲ್ಲಿ ತಣ್ಣಗಿದ್ದಾಗ ಹರಿವು ಕಡಿಮೆ ಇರುವುದೇ ಸರಿ, ಬಿಸಿಯಾದ ಮೇಲೆ ಪರೀಕ್ಷಿಸಿ. ಥರ್ಮೋಸ್ಟಾಟ್ ಇಲ್ಲದೆ ಅತಿ ದೊಡ್ಡ ಕೂಲರ್ ಹಾಕಿದರೆ ಬೆಳಗಾವಿಯ ಚಳಿಗಾಲದ ಬೆಳಗ್ಗೆ ಆಯಿಲ್ ಹದಕ್ಕೇ ಬರದೆ ಗೇರ್ ಬಿರುಸಾಗಿ ಬೀಳುತ್ತವೆ.

ಇಷ್ಟೆಲ್ಲ ಸರಿ ಇದ್ದೂ ಹೆದ್ದಾರಿಯಲ್ಲೇ ಕಾಯುತ್ತಿದ್ದರೆ ಸ್ಕ್ಯಾನರ್ ಹಚ್ಚಿ. ಪಿ0741 ಬಂದರೆ ಲಾಕಪ್ ಹಿಡಿಯುತ್ತಿಲ್ಲ. ಪಿ0218 ಅತಿ ಬಿಸಿಯ ದಾಖಲೆ ಮಾತ್ರ, ಕಾರಣ ಹೇಳದು. ಪಿ0711 ಸೆನ್ಸರ್‌ದೇ ತಪ್ಪಿರಬಹುದು ಎನ್ನುತ್ತದೆ.

ಎಂಜಿನ್ ಕೂಗುತ್ತದೆ, ಗಾಡಿ ಎಳೆಯುವುದಿಲ್ಲ

ಆಯಿಲ್ ಮಟ್ಟ ನೋಡಿ. ಸಮತಟ್ಟು ನೆಲ, ಬಿಸಿ ಆಯಿಲ್, ಎಂಜಿನ್ ಚಾಲೂ, ಬ್ರೇಕ್ ಒತ್ತಿ ಎಲ್ಲ ಗೇರಿಗೂ ಎರಡು ಮೂರು ಸೆಕೆಂಡು ಹಾಕಿ ‘ಪಿ’ಗೆ ಮರಳಿ, ಆಮೇಲೆ ಡಿಪ್‌ಸ್ಟಿಕ್ ಎಳೆಯಿರಿ. ಡಿಪ್‌ಸ್ಟಿಕ್ ಇಲ್ಲದ ಬಾಕ್ಸ್‌ಗಳಲ್ಲಿ ಕಂಪನಿ ಹೇಳಿದ ಉಷ್ಣತೆಯಲ್ಲಿ ಓವರ್‌ಫ್ಲೋ ಪ್ಲಗ್ ಬಿಚ್ಚಿ ಅಳೆಯಬೇಕು. ಆ ಕೆಲಸಕ್ಕೆ ಸ್ಕ್ಯಾನರ್ ಮತ್ತು ನಾಲ್ಕೂ ಕಡೆ ಸಮವಾಗಿ ಎತ್ತುವ ಲಿಫ್ಟ್ ಬೇಕು, ಮನೆಯ ಅಂಗಳದಲ್ಲಿ ಬೇಡ.

ಹೊಸ ಕೂಲರ್ ಹಾಕಿದ ಮೇಲೆ ಕೂಲರ್ ಮತ್ತು ಹೋಸ್ ತಾವೇ ಒಂದಿಷ್ಟು ಆಯಿಲ್ ಹಿಡಿದುಕೊಳ್ಳುತ್ತವೆ. ಅದನ್ನು ತುಂಬಿಸಲು ಮರೆತ ಗಾಡಿ ಸಮನೆಲದಲ್ಲಿ ಚೆನ್ನಾಗಿ ಓಡಿ ಕಡಿದಾದ ಏರಿನಲ್ಲಿ ಮಾತ್ರ ಜಾರುತ್ತದೆ, ಏಕೆಂದರೆ ಪ್ಯಾನ್‌ನ ಆಯಿಲ್ ಒಂದು ಮೂಲೆಗೆ ಸರಿದು ಪಂಪ್ ಗಾಳಿ ಎಳೆಯುತ್ತದೆ. ‘ಏರಿನಲ್ಲಿ ಮಾತ್ರ’ ಎಂಬ ದೂರು ಬಂದರೆ ಮೊದಲ ಅನುಮಾನ ಇದರ ಮೇಲಿರಲಿ. ಹಾಗೆಂದು ಗೆರೆ ಮೀರಿ ತುಂಬಬೇಡಿ. ಒಳಗೆ ತಿರುಗುವ ಭಾಗಗಳು ಹೆಚ್ಚಾದ ಆಯಿಲನ್ನು ಕಡೆದು ನೊರೆ ಮಾಡುತ್ತವೆ, ನೊರೆಗೆ ಒತ್ತಡ ನಿಲ್ಲದು, ಮತ್ತೆ ಅದೇ ಜಾರುವಿಕೆ.

ಡಿಪ್‌ಸ್ಟಿಕ್‌ನ ಹನಿಯನ್ನು ಬಿಳಿ ಟಿಶ್ಯೂ ಮೇಲೆ ಬಿಡಿ. ಕೆಂಪಾಗಿ ಅಗಲಕ್ಕೆ ಹರಡಿದರೆ ಆರೋಗ್ಯ. ಕಂದು ಬಣ್ಣ, ವಾಸನೆ ಇಲ್ಲ ಎಂದರೆ ವಯಸ್ಸಾಗಿದೆ, ಬದಲಿಸಿ. ಕಪ್ಪು, ಸುಟ್ಟ ನಾತ, ನಡುವೆ ಕರಿ ಪುಡಿ ಉಳಿದರೆ ಕ್ಲಚ್ ಪ್ಲೇಟಿನ ಲೈನಿಂಗ್ ಉದುರುತ್ತಿದೆ.

ಆಯಿಲ್ ಬದಲಿಸುವಾಗ ಪ್ಯಾನ್‌ನಿಂದ ಇಳಿಯುವುದು ಒಟ್ಟಿನ ಮೂರರಲ್ಲೊಂದರಿಂದ ಅರ್ಧದಷ್ಟು ಮಾತ್ರ; ಉಳಿದದ್ದು ಕನ್ವರ್ಟರ್‌ನಲ್ಲಿ ಇರುತ್ತದೆ. ಇಳಿದದ್ದನ್ನು ಅಳೆದು ಅಷ್ಟೇ ತುಂಬಿ, ಕೆಲವು ದಿನ ಓಡಿಸಿ, ಮತ್ತೆರಡು ಸಲ ಹೀಗೇ ಮಾಡಿ. ಕೈಪಿಡಿಯಲ್ಲಿ ಬರೆದ ನಮೂನೆಯ ಆಯಿಲೇ ಬೇಕು. ‘ಎಲ್ಲಕ್ಕೂ ನಡೀತದ’ ಎಂದು ಕೊಡುವ ಡಬ್ಬಿ ಬೇಡ. ಪ್ಯಾನ್ ಬಿಚ್ಚಿದರೆ ಆಯಸ್ಕಾಂತ ನೋಡಿ. ನುಣ್ಣನೆಯ ಬೂದು ಲೇಪ ಸಹಜ. ಚೂರು, ಸೂಜಿಯಂಥ ತುಣುಕು ಕಂಡರೆ ಗಾಡಿ ಮುಂದೆ ಓಡಿಸಬೇಡಿ.

ಸ್ಟಾಲ್ ಟೆಸ್ಟ್ ಅನುಭವಿ ಮೆಕ್ಯಾನಿಕ್‌ಗೆ ಬಿಡಿ. ಬ್ರೇಕ್ ಗಟ್ಟಿ ಒತ್ತಿ, ಚಕ್ರಕ್ಕೆ ಅಡ್ಡ ಕೊಟ್ಟು, ಎದುರು ಯಾರೂ ಇಲ್ಲದ ಜಾಗದಲ್ಲಿ, 5 ಸೆಕೆಂಡ್ ಮೀರದಂತೆ ಪೂರ್ಣ ಆಕ್ಸಿಲರೇಟರ್ ಕೊಡುವ ಪರೀಕ್ಷೆ ಇದು. ಎರಡರ ನಡುವೆ ಕನಿಷ್ಠ ಒಂದು ನಿಮಿಷ ‘ಎನ್’ನಲ್ಲಿ ತಣಿಯಲು ಬಿಡಬೇಕು. ‘ಡಿ’ ಮತ್ತು ‘ಆರ್’ ಎರಡರಲ್ಲೂ ಆರ್‌ಪಿಎಂ ಸರ್ವಿಸ್ ಪುಸ್ತಕದ ಅಂಕಿ ಮೀರಿದರೆ ಒಟ್ಟಾರೆ ಒತ್ತಡ ಕಡಿಮೆ. ‘ಡಿ’ಯಲ್ಲಿ ಮಾತ್ರ ಮೀರಿದರೆ ಗಾಡಿಯನ್ನು ಮುಂದಕ್ಕೆ ಓಡಿಸುವ ಗೇರಿನ ಕ್ಲಚ್ ಜಾರುತ್ತಿದೆ. ಎರಡರಲ್ಲೂ ಕಡಿಮೆ ಇದ್ದರೆ ಎಂಜಿನ್ ಶಕ್ತಿ ಕುಂದಿದೆ ಅಥವಾ ಕನ್ವರ್ಟರ್‌ನ ಸ್ಟೇಟರ್ (ಒಳಗೆ ಆಯಿಲ್ ದಿಕ್ಕು ತಿರುಗಿಸುವ ಚಕ್ರ) ಹಿಡಿತ ಬಿಟ್ಟಿದೆ. ಬ್ರೇಕ್ ಒತ್ತಿದಾಗ ಎಲೆಕ್ಟ್ರಾನಿಕ್ ಥ್ರಾಟಲ್ ತಾನೇ ಇಳಿಯುವ ಗಾಡಿಗಳಲ್ಲಿ ಈ ಅಂಕಿಗೆ ಅರ್ಥವಿಲ್ಲ. ದೊಡ್ಡ ಟಯರ್ ಹಾಕಿ ‘ಎಳೆಯುತ್ತಿಲ್ಲ’ ಎನ್ನುವವರು ಈ ಪರೀಕ್ಷೆಗೆ ಮೊದಲು ಕೆಳಗೆ ‘ಗೇರ್ ಹುಡುಕಾಟ’ ಭಾಗದಲ್ಲಿರುವ ಟಯರ್ ಲೆಕ್ಕ ಓದಲಿ.

ಆಯಿಲ್ ಹಾಲು ಬೆರೆಸಿದಂತೆ ಗುಲಾಬಿಯಾಗಿದೆ

ಇಲ್ಲಿಗೆ ನಿಲ್ಲಿಸಿ. ಸ್ಟಾರ್ಟ್ ಮಾಡಬೇಡಿ. ಒಳಗೆ ನೀರಿದೆ. ಬಂದ ದಾರಿ ಎರಡರಲ್ಲಿ ಒಂದು.

ಹಳ್ಳ ದಾಟಿದ ಮೇಲೆ ಹೀಗಾಗಿದ್ದರೆ ಬ್ರೀದರ್ ಮೇಲೆ ಅನುಮಾನ. ಬಿಸಿ ಬಾಕ್ಸ್ ತಣ್ಣೀರಿನಲ್ಲಿ ಮುಳುಗಿದಾಗ ಒಳಗಿನ ಗಾಳಿ ಕುಗ್ಗುತ್ತದೆ, ಹೊರಗಿನದನ್ನು ಒಳಗೆ ಎಳೆಯುತ್ತದೆ. ಬ್ರೀದರ್ ಬಾಯಿ ನೀರಿನಲ್ಲಿದ್ದರೆ ನೀರೇ ಹೋಗುತ್ತದೆ. ಕೆಸರಿನಿಂದ ಮುಚ್ಚಿದ್ದರೆ ಶಾಫ್ಟ್ ಸೀಲಿನ ಅಂಚಿನಿಂದ ಎಳೆಯುತ್ತದೆ. ನೀರಿಗೆ ಇಳಿಯುವ ಮುನ್ನ ಹತ್ತು ಹದಿನೈದು ನಿಮಿಷ ನಿಂತು ತಣಿಸುವುದು ಅದಕ್ಕೇ. ಬ್ರೀದರ್ ಹೋಸನ್ನು ಎಂಜಿನ್ ಕೋಣೆಯ ಮೇಲ್ಭಾಗಕ್ಕೆ ಒಯ್ಯಿರಿ. ದಾರಿಯುದ್ದಕ್ಕೂ ಮೇಲೇರುತ್ತಿರಬೇಕು, ನಡುವೆ ಜೋತುಬಿದ್ದರೆ ಅಲ್ಲಿ ಆಯಿಲ್ ನಿಂತು ದಾರಿ ಮುಚ್ಚುತ್ತದೆ. ತುದಿಗೆ ಸಣ್ಣ ಫಿಲ್ಟರ್ ಹಾಕಿ. ಬಾಕ್ಸ್, ಟ್ರಾನ್ಸ್‌ಫರ್, ಎರಡು ಡಿಫರೆನ್ಷಿಯಲ್‌ಗಳಿಗೆ ಬೇರೆ ಬೇರೆ ಹೋಸ್ ಇರಲಿ. ಒಂದಕ್ಕೆ ನೀರು ಹೊಕ್ಕಿದ್ದರೆ ಉಳಿದ ಮೂರರ ಆಯಿಲನ್ನೂ ಅದೇ ದಿನ ನೋಡಿ.

ಹಳ್ಳಕ್ಕೆ ಇಳಿದೇ ಇಲ್ಲ, ಆದರೂ ಗುಲಾಬಿ, ಜೊತೆಗೆ ರೇಡಿಯೇಟರ್ ನೀರು ಕಡಿಮೆಯಾಗುತ್ತಿದೆ ಅಥವಾ ಅದರಲ್ಲಿ ಜಿಡ್ಡು ತೇಲುತ್ತಿದೆ ಎಂದರೆ ಕಂಪನಿ ಕೂಲರ್ ಒಳಗೆ ಒಡೆದು ಕೂಲಂಟ್ ಬೆರೆತಿದೆ. ಇದು ಹೆಚ್ಚು ಕೆಟ್ಟದ್ದು. ಕೂಲಂಟ್‌ನ ಗ್ಲೈಕಾಲ್ ಕ್ಲಚ್ ಪ್ಲೇಟಿನ ಲೈನಿಂಗ್ ಹಿಡಿದಿಟ್ಟ ಅಂಟನ್ನೇ ಸಡಿಲಿಸುತ್ತದೆ. ಆಯಿಲ್ ಬದಲಿಸಿ ಓಡಿಸಿದರೆ ಕೆಲವು ದಿನ ಚೆನ್ನಾಗಿದ್ದು ಆಮೇಲೆ ಲೈನಿಂಗ್ ಕಳಚುವುದುಂಟು. ಇಂಥ ಬಾಕ್ಸ್ ಬಿಚ್ಚಿ ನೋಡಲೇಬೇಕು. ಬರೀ ನೀರು, ಅದೂ ಓಡಿಸುವ ಮುನ್ನವೇ ಕಂಡಿದ್ದರೆ, ಬಣ್ಣ ಶುದ್ಧ ಕೆಂಪಾಗುವವರೆಗೆ ಆಯಿಲ್, ಜೊತೆಗೆ ಫಿಲ್ಟರ್ ಬದಲಿಸಿ ಉಳಿಸಿಕೊಳ್ಳುವ ಸಾಧ್ಯತೆ ಇದೆ.

ಕೆಳಗೆ ಕೆಂಪು ಹನಿ

ಪೂರ್ತಿ ಒರೆಸಿ, ಹತ್ತು ನಿಮಿಷ ಓಡಿಸಿ, ಮೇಲಿನಿಂದ ಕೆಳಗೆ ನೋಡುತ್ತ ಬನ್ನಿ. ಹೋಸ್ ಕೂಡುವಲ್ಲಿ ಒದ್ದೆ ಇದ್ದರೆ ಪೈಪಿನ ತುದಿಗೆ ಉಬ್ಬು ಅಂಚು ಇದೆಯೇ ಪರೀಕ್ಷಿಸಿ. ನುಣ್ಣನೆಯ ಪೈಪಿಗೆ ಹಾಕಿದ ಕ್ಲಿಪ್ ಎಷ್ಟು ಬಿಗಿದರೂ ಬಿಸಿಯಲ್ಲಿ ಜಾರುತ್ತದೆ. ಬ್ರೀದರ್‌ನಿಂದ ಚಿಮ್ಮಿದ್ದರೆ ಆಯಿಲ್ ಹೆಚ್ಚಾಗಿದೆ ಅಥವಾ ನೀರು ಸೇರಿದೆ. ಪ್ಯಾನ್ ತಗ್ಗಾಗಿದ್ದರೆ ಸೋರದಿದ್ದರೂ ಬಿಚ್ಚಿಸಿ, ಒಳಗಿನ ಫಿಲ್ಟರ್ ಬಾಯಿ ಒತ್ತಿಕೊಂಡಿರಬಹುದು.

ಗೇರ್ ಹುಡುಕಾಟ, ಬೀಳುವಾಗ ಏಟು

ಟಯರ್ ಲೆಕ್ಕ ಹಾಕಿ. ಜಿಮ್ನಿಯ 195/80 ಆರ್15 ಟಯರ್ ವ್ಯಾಸ ಸುಮಾರು 693 ಮಿ.ಮೀ. 235/75 ಆರ್15 ಹಾಕಿದರೆ 733, ಅಂದರೆ ಶೇ 6ರ ಹತ್ತಿರ ಹೆಚ್ಚು. 30 ಇಂಚಿನದಾದರೆ 762, ಶೇ 10. ಅಷ್ಟರ ಮಟ್ಟಿಗೆ ಎಲ್ಲ ಗೇರೂ ಉದ್ದವಾದಂತೆ. ಎಳೆತ ಕುಗ್ಗುತ್ತದೆ, ಬಾಕ್ಸ್ ಮೇಲಿನ ಗೇರಿಗೆ ಹೋಗಿ ಎಳೆಯಲಾರದೆ ಮರಳುತ್ತದೆ, ಸ್ಪೀಡೋಮೀಟರ್ 80 ತೋರಿಸುವಾಗ ಗಾಡಿ 88ರಲ್ಲಿರುತ್ತದೆ. ಇದು ದೋಷವಲ್ಲ, ಅನುಪಾತದ ಲೆಕ್ಕ. ಪರಿಹಾರ ಸಣ್ಣ ಟಯರ್ ಅಥವಾ ಟ್ರಾನ್ಸ್‌ಫರ್ ಇಲ್ಲವೇ ಡಿಫರೆನ್ಷಿಯಲ್‌ನಲ್ಲಿ ಇನ್ನೂ ಕೆಳಗಿನ ಅನುಪಾತದ ಗೇರ್ ಸೆಟ್. 1500 ಸಿಸಿ ಎಂಜಿನ್‌ಗೆ 30 ಇಂಚು ಹೊರಿಸಿ ಗೇರ್ ಅನುಪಾತ ಹಾಗೇ ಬಿಡುವುದು ಬಾಕ್ಸ್‌ಗೆ ಮಾಡುವ ಅನ್ಯಾಯ.

ಶಿಫ್ಟ್ ಕಿಟ್ (ಗೇರ್ ಬೀಳುವ ರೀತಿ ಬದಲಿಸುವ ಬಿಡಿಭಾಗಗಳ ಸೆಟ್) ಹಾಕಿಸಿದ ಮೇಲೆ ಏಟು ಶುರುವಾಗಿದ್ದರೆ, ಯಾವಾಗ ಎಂಬುದನ್ನು ಗಮನಿಸಿ. ನಿಂತಲ್ಲೇ ‘ಎನ್’ನಿಂದ ‘ಡಿ’ಗೆ ಹಾಕಿದಾಗ ಧಡಕ್ ಎಂದರೆ ಮೊದಲು ಐಡಲ್ ಆರ್‌ಪಿಎಂ, ಎಂಜಿನ್ ಮೌಂಟ್, ಪ್ರೊಪೆಲ್ಲರ್ ಶಾಫ್ಟ್ ಕ್ರಾಸ್ ನೋಡಿ, ಅವು ಸರಿ ಇದ್ದರೆ ಒತ್ತಡ ಅತಿಯಾಗಿದೆ. ಒಂದರಿಂದ ಎರಡಕ್ಕೆ ಮಾತ್ರ ಏಟಾದರೆ ಗೇರ್ ಮೆತ್ತಗೆ ಬೀಳುವಂತೆ ಮಾಡುವ ಅಕ್ಯುಮ್ಯುಲೇಟರ್ ಸ್ಪ್ರಿಂಗ್ ನೋಡಿ. ಬದಲಾಗುವಾಗ ಆರ್‌ಪಿಎಂ ಹಾರಿ ಆಮೇಲೆ ಹಿಡಿದರೆ ವಾಲ್ವ್ ಬಾಡಿಯ (ಆಯಿಲ್ ಒತ್ತಡವನ್ನು ಆಯಾ ಗೇರಿಗೆ ಹಂಚುವ ಭಾಗ) ಚೆಕ್ ಬಾಲ್ ಜಾಗ ತಪ್ಪಿರಬಹುದು, ಅಥವಾ ಬೋಲ್ಟನ್ನು ಅಳತೆ ಮೀರಿ ಬಿಗಿದು ಬಾಡಿ ಬಾಗಿ ವಾಲ್ವ್ ಸಿಕ್ಕಿಕೊಂಡಿರಬಹುದು. ವಾಲ್ವ್ ಬಾಡಿಯನ್ನು ಎಳೆ ಬಿಡುವ ಬಟ್ಟೆಯಿಂದ ಒರೆಸಬಾರದು, ಟಾರ್ಕ್ ರೆಂಚ್ ಇಲ್ಲದೆ ಮುಟ್ಟಬಾರದು. ಧೂಳಿನ ಅಂಗಳದಲ್ಲಿ ಈ ಕೆಲಸ ಬೇಡವೇ ಬೇಡ.

ಒಂದೇ ಗೇರಿನಲ್ಲಿ ನಿಂತುಬಿಟ್ಟಿದೆ

ಕಂಪ್ಯೂಟರ್ ಬಾಕ್ಸನ್ನು ಕಾಪಾಡಲು ಒಂದೇ ಗೇರಿಗೆ ಕಟ್ಟಿಹಾಕಿದೆ. ಆಫ್ ಮಾಡಿ, ಒಂದು ನಿಮಿಷ ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿದಾಗ ಸರಿಯಾಗಿ, ಆಮೇಲೆ ಮರುಕಳಿಸಿದರೆ ವಿದ್ಯುತ್ ಕಡೆ ಹುಡುಕಿ. ವಿಂಚ್ (ಸಿಕ್ಕಿಬಿದ್ದ ಗಾಡಿ ಎಳೆಯುವ ಮೋಟಾರ್ ರಾಟೆ) ಬಳಸಿದ ಬೆನ್ನಿಗೇ ಆಗಿದ್ದರೆ ಬ್ಯಾಟರಿ: ಹೊರೆ ಎಳೆಯುವ ವಿಂಚ್ 200 ಆಂಪಿಯರ್ ಮೀರಿ ಕುಡಿಯುತ್ತದೆ. ಎಂಜಿನ್ ಬಂದ್ ಇದ್ದಾಗ 12.4 ವೋಲ್ಟ್‌ಗಿಂತ ಕಡಿಮೆ, ಚಾಲೂ ಇದ್ದಾಗ 13.5ಕ್ಕಿಂತ ಕಡಿಮೆ ಇದ್ದರೆ ಮೊದಲು ಅದನ್ನು ಸರಿಪಡಿಸಿ. ನಂತರ ಅರ್ಥಿಂಗ್ ಬೋಲ್ಟ್, ಲೈಟ್ ಬಾರ್‌ಗೆಂದು ಕತ್ತರಿಸಿ ಜೋಡಿಸಿದ ವೈರ್, ನೀರು ಕಂಡ ಬಾಕ್ಸ್ ಕನೆಕ್ಟರ್. ಕನೆಕ್ಟರ್‌ನಲ್ಲಿ ಹಸಿರು ಕಿಲುಬು ಇದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಸಾಕು. ಪಿ0700 ಎಂದರೆ ‘ಬಾಕ್ಸ್ ಕಂಪ್ಯೂಟರ್‌ನಲ್ಲಿ ಬೇರೊಂದು ಕೋಡ್ ಇದೆ’ ಎಂದಷ್ಟೇ. ಅದನ್ನು ಓದದೆ ಬಿಡಿಭಾಗ ಕೊಳ್ಳಬೇಡಿ. ಪಿ0715, ಪಿ0720 ವೇಗದ ಸೆನ್ಸರ್‌ಗಳವು. ಪಿ0731ರಿಂದ ಮುಂದಿನವು ಆಯಾ ಗೇರ್ ನಿಜವಾಗಿ ಜಾರುತ್ತಿದೆ ಎಂದು ಹೇಳುತ್ತವೆ.

ತಿರುವಿನಲ್ಲಿ ಎಳೆದಾಟ, 4ಎಲ್ ಬೀಳದಿರುವುದು

ಡಾಂಬರಿನ ಮೇಲೆ 4ಎಚ್‌ನಲ್ಲಿ ತಿರುಗಿಸಿದರೆ ಮುಂದಿನ ಹಿಂದಿನ ಶಾಫ್ಟ್‌ಗಳು ಒಂದನ್ನೊಂದು ತಿರುಚುತ್ತವೆ, ಬಾಕ್ಸ್‌ನದು ತಪ್ಪಲ್ಲ. ಲಿವರ್ ಬಿಗಿಹಿಡಿದಿದ್ದರೆ ನೇರವಾಗಿ ಕೆಲವು ಮೀಟರ್ ಹಿಂದಕ್ಕೆ ಚಲಿಸಿ ಎಳೆಯಿರಿ. ನಾಲ್ಕು ಟಯರ್‌ಗಳ ಅಳತೆ, ಸವೆತ ಒಂದೇ ಇರಲಿ. 4ಎಲ್‌ಗೆ ಹಾಕಲು ಜಿಮ್ನಿ ಪೂರ್ತಿ ನಿಂತಿರಬೇಕು, ಗೇರ್ ‘ಎನ್’ನಲ್ಲಿರಬೇಕು. ಬಲವಂತ ಬೇಡ.

ಇಲ್ಲಿಂದ ಮುಂದೆ ಓಡಿಸಬೇಡಿ

ಗುಲಾಬಿ ಆಯಿಲ್, ಪ್ಯಾನ್‌ನಲ್ಲಿ ಲೋಹದ ಚೂರು, ‘ಡಿ’ ಮತ್ತು ‘ಆರ್’ ಎರಡರಲ್ಲೂ ಚಲನೆ ಇಲ್ಲದಿರುವುದು, ಕನ್ವರ್ಟರ್ ಜಾಗದಿಂದ ಕಡಕಡ ಸದ್ದು, ಧಾರೆಯಾಗಿ ಸೋರುವುದು ಕಂಡರೆ ಗಾಡಿಯನ್ನು ಫ್ಲ್ಯಾಟ್‌ಬೆಡ್ ಲಾರಿ ಮೇಲೆ ಹಾಕಿಸಿ. ಚಾಲಕ ಚಕ್ರಗಳು ನೆಲದಲ್ಲಿದ್ದು ಎಂಜಿನ್ ಬಂದ್ ಇರುವಾಗ ಟ್ರ್ಯಾಕ್ಟರ್‌ಗೆ ಕಟ್ಟಿ ಊರ ತನಕ ಎಳೆದರೆ, ಪಂಪ್ ನಿಂತಿರುವುದರಿಂದ ಒಳಗಿನ ಬುಷ್‌ಗಳು ಆಯಿಲ್ ಇಲ್ಲದೆ ಸವೆಯುತ್ತವೆ. ಕೆಸರಿನಿಂದ ಹೊರಗೆಳೆಯಲು ಹತ್ತಿಪ್ಪತ್ತು ಮೀಟರ್, ‘ಎನ್’ನಲ್ಲಿ, ನಿಧಾನವಾಗಿ ಆದರೆ ಸರಿ.

ವರ್ಕ್‌ಶಾಪಿಗೆ ಕೊಡುವಾಗ ಯಾವ ಮಾರ್ಪಾಡು ಯಾವಾಗ ಆಯಿತು, ಟಯರ್ ಅಳತೆ ಏನು, ಯಾವ ಆಯಿಲ್ ಎಷ್ಟು ಹಾಕಿದೆ, ಕೋಡ್‌ಗಳು ಯಾವುವು ಎಂದು ಒಂದು ಹಾಳೆಯಲ್ಲಿ ಬರೆದುಕೊಡಿ. ವಾರಂಟಿ ಇರುವ ಗಾಡಿಗೆ ಮಾರ್ಪಾಡಿನ ಮುನ್ನವೇ ಷರತ್ತು ಓದಿ. ನೋಂದಣಿ ಪತ್ರದ ವಿವರಗಳನ್ನು ಬದಲಿಸುವ ಮಾರ್ಪಾಡಿಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ. ಇಳಿಸಿದ ಹಳೆ ಆಯಿಲನ್ನು ಹೊಲದ ಬದುವಿಗೂ ಗಟಾರಕ್ಕೂ ಸುರಿಯದೆ, ಮುಚ್ಚಿದ ಕ್ಯಾನ್‌ನಲ್ಲಿ ತುಂಬಿ ಅದನ್ನು ಮರುಬಳಕೆಗೆ ಪಡೆಯುವ ವರ್ಕ್‌ಶಾಪಿಗೆ ಕೊಡಿ.